ನವಲಗುಂದದ ದಾರಿಯಲ್ಲಿ ಸೋಡಾ ಸೈಕಲ್ಲು

ಹೋದ ತಿಂಗಳು ನವಲಗುಂದದಲ್ಲಿರುವ ಮಗಳ ಮನೆಗೆ ಹೊರಟಿದ್ದೆ. ಕುಸುಗಲ್ಲು ದಾಟಿದ ಮೇಲೆ ಬಸ್ಸು ಒಮ್ಮೆಲೇ ನಿಧಾನವಾಯಿತು. ರಸ್ತೆಯ ಎಡಬದಿಗೆ ಸೈಕಲ್ ಸವಾರರ ಸಾಲು. ತಲೆಗೆ ಟೊಪ್ಪಿಗೆ, ಬೆನ್ನಿಗೆ ನಂಬರು, ಬೆರಳಿನಷ್ಟೇ ಅಗಲದ ಗಾಲಿಗಳು. ನೂರಾರು ಕಿಲೋಮೀಟರ್ ತುಳಿಯುವ ಯಾವುದೋ ಕಾರ್ಯಕ್ರಮವಂತೆ. ಸಾಲು ಮುಗಿಯಿತು ಎನ್ನುವಾಗ, ಅರ್ಧ ಕಿಲೋಮೀಟರ್ ಹಿಂದೆ ಇನ್ನೊಬ್ಬ ಕಂಡ. ಅವನ ಸೈಕಲ್ಲಿಗೆ ದಪ್ಪ ದಪ್ಪ ಟೈರು, ಟೈರಿಗೆ ಟ್ರ್ಯಾಕ್ಟರಿನ ಹಾಗೆ ಹಲ್ಲು. ಕಂಡಕ್ಟರ್ ನಕ್ಕ. "ಗುಡ್ಡಾ ಹತ್ತೂ ಸೈಕಲ್ ತಗೊಂಡು ಡಾಂಬರ ರಸ್ತಾಕ್ಕ ಬಂದಾನ ನೋಡ್ರಿ, ಪಾಪ."

ಬಸ್ಸಿನಲ್ಲಿದ್ದವರೂ ನಕ್ಕರು. ನಾನು ನಗಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಅವನು ಕಣ್ಮರೆಯಾಗುವವರೆಗೂ ನೋಡಿದೆ. ಎದುರುಗಾಳಿಗೆ ತಲೆ ತಗ್ಗಿಸಿ, ಮೊಣಕಾಲು ಹೊರಕ್ಕೆ ಚಾಚಿ ತುಳಿಯುತ್ತಿದ್ದ. ಇದೇ ರಸ್ತೆಯಲ್ಲಿ, ಇದೇ ಗಾಳಿಯಲ್ಲಿ ನಾನು ಒಂದು ಚಳಿಗಾಲ ಹಾಗೇ ತುಳಿದಿದ್ದೆ.

ಎಂಬತ್ತರ ದಶಕದ ನಡುವಿನ ಮಾತು. ಕುಂದಗೋಳ ತಾಲೂಕಿನ ಸಂಶಿಯಲ್ಲಿ ನಮ್ಮದು ಗೋಲಿ ಸೋಡಾದ ಅಂಗಡಿ. ಮನೆಯ ಮುಂದಿನ ಪಡಸಾಲೆಯಲ್ಲೇ ಗ್ಯಾಸ್ ತುಂಬುವ ಮಷೀನು. ಹೆಂಡತಿ ನೀಲವ್ವ ಅದರ ಹಿಡಿಕೆ ತಿರುವುತ್ತಿದ್ದಳು, ನಾನು ಸುತ್ತಲಿನ ಊರುಗಳಿಗೆ ಸೈಕಲ್ಲಿನ ಮೇಲೆ ಬಾಟಲಿ ಮುಟ್ಟಿಸುತ್ತಿದ್ದೆ. ನನಗಾಗ ಇಪ್ಪತ್ತೆಂಟು. ಚನ್ನಬಸಪ್ಪ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಸೋಡಾ ಚನ್ನಪ್ಪ ಎಂದರೆ ಗುಡಗೇರಿ ಸ್ಟೇಷನ್ನಿನವರೆಗೂ ಗೊತ್ತು. ಸೈಕಲ್ಲು ಭಾರ ಹೊರಲೆಂದೇ ಮಾಡಿಸಿದ್ದು. ಮುಂದಿನ ಫೋರ್ಕಿಗೆ ಎರಡು ಕಬ್ಬಿಣದ ಸಲಾಕೆಯ ಆಸರೆ, ಗಾಲಿಗೆ ದಪ್ಪ ಕಡ್ಡಿಗಳು, ಹಿಂದೆ ನಾಲ್ಕು ಕ್ರೇಟು ಕೂರುವಷ್ಟು ಅಗಲದ ಕ್ಯಾರಿಯರ್. ಖಾಲಿ ಇದ್ದಾಗಲೂ ಒಬ್ಬನೇ ಎತ್ತಿ ಕಟ್ಟೆಯ ಮೇಲೆ ಇಡಬೇಕಾದರೆ ಉಸಿರು ಬಿಗಿಹಿಡಿಯಬೇಕು.

ಚಳಿಗಾಲದಲ್ಲಿ ಸೋಡಾ ಕುಡಿಯುವವರು ಕಡಿಮೆ. ಕಾರ್ತಿಕದ ಹೊತ್ತಿಗೆ ನನಗೆ ವಾರದಲ್ಲಿ ಮೂರು ದಿನ ಕೆಲಸವೇ ಇರುತ್ತಿರಲಿಲ್ಲ. ಅಂಥ ಒಂದು ದಿನ ಹೈಸ್ಕೂಲಿನ ಡ್ರಿಲ್ ಮಾಸ್ತರರು ಹನಮಂತಪ್ಪನವರು ಅಂಗಡಿಗೆ ಬಂದರು. ಸೋಡಾ ಕೇಳಲಿಲ್ಲ. ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿ, ಟೈರು ಒತ್ತಿ ನೋಡಿ, "ಚನ್ನಪ್ಪಾ, ದಿನಕ್ಕ ಎಷ್ಟ ಕಿಲೋಮೀಟರ್ ತುಳೀತಿ?" ಎಂದರು.

"ಲೆಕ್ಕಾ ಇಟ್ಟಿಲ್ರಿ. ಗುಡಗೇರಿ, ಕುಂದಗೋಳ ಎರಡೂ ಆದ್ರ ನಲವತ್ತರ ಮ್ಯಾಲ ಆಗ್ತೈತ್ರಿ."

"ಲೋಡ್ ಇಟ್ಕೊಂಡು?"

"ಮತ್ತ? ಖಾಲಿ ಯಾಕ ಹೋಗ್ಲಿರಿ?"

"ಹಂಗಾದ್ರ ನಮ್ಮ ಟೀಮಿಗೆ ಬಾ," ಎಂದರು ಮಾಸ್ತರರು.

ಆ ವರ್ಷ ತಾಲೂಕಿನ ಒಂದು ಯುವಕ ಸಂಘದವರು ದೂರದ ಸೈಕಲ್ ಸ್ಪರ್ಧೆಗಳನ್ನು ಇಟ್ಟಿದ್ದರು. ಒಟ್ಟು ಮೂರು, ತಿಂಗಳಿಗೊಂದರಂತೆ. ಒಬ್ಬೊಬ್ಬರಿಗೆ ಬಹುಮಾನ ಬೇರೆ, ಟೀಮಿಗೆ ಬೇರೆ. ಟೀಮಿನಲ್ಲಿ ಮೂವರು. ಮೂವರೂ ಮೂರೂ ಸ್ಪರ್ಧೆಗಳನ್ನು ಕೊಟ್ಟ ವೇಳೆಯೊಳಗೆ ಮುಗಿಸಬೇಕು, ಹಾಗೆ ಮುಗಿಸಿದವರಲ್ಲಿ ಮೊದಲ ಟೀಮನ್ನು ರಾಜ್ಯಮಟ್ಟಕ್ಕೆ ಕಳಿಸುತ್ತಾರೆ. ಮಾಸ್ತರರ ಮೂರನೆಯ ಹುಡುಗನಿಗೆ ವಿಷಮಜ್ವರ ಬಂದು ಮಲಗಿದ್ದ. ಉಳಿದವರು ಇಬ್ಬರು. ಒಬ್ಬ ನಮ್ಮೂರಿನವನೇ, ನಿಂಗರಾಜ. ಹೊಲಮನೆ ಚೆನ್ನಾಗಿದ್ದ ಮನೆತನ, ಬಾಗಿದ ಹ್ಯಾಂಡಲ್ಲಿನ ರೇಸ್ ಸೈಕಲ್ಲು, ಗಾಳಿಯ ಹಾಗೆ ಓಡಿಸುತ್ತಿದ್ದ. ಇನ್ನೊಬ್ಬ ಗುಡಗೇರಿಯ ಗೌತಮ. ಅವನ ಅಪ್ಪ ರೈಲ್ವೆ ಗ್ಯಾಂಗ್‌ಮನ್, ಬೌದ್ಧ ಮನೆತನ. ಪಿಯುಸಿ ಮುಗಿಸಿ ಕೆಲಸ ಹುಡುಕುತ್ತಿದ್ದ. ರಾಜ್ಯಮಟ್ಟದಲ್ಲಿ ಭಾಗವಹಿಸಿದ ಪತ್ರವೊಂದಿದ್ದರೆ ಕ್ರೀಡಾಪಟುಗಳಿಗೆ ಮೀಸಲಿಟ್ಟ ನೌಕರಿಗೆ ಅರ್ಜಿ ಹಾಕಬಹುದು ಎಂದು ಯಾರೋ ಅವನಿಗೆ ಹೇಳಿದ್ದರು. ಅವನದೂ ತೆಳು ಗಾಲಿಯ ಸೈಕಲ್ಲೇ, ಆದರೆ ಮೂರು ಕಡೆಯಿಂದ ಭಾಗ ತಂದು ತಾನೇ ಕೂಡಿಸಿದ್ದು.

"ನೀ ಗೆಲ್ಲೂದು ಬ್ಯಾಡ. ಟೈಮಿನ್ಯಾಗ ಮುಗಿಸಿದ್ರ ಸಾಕು," ಎಂದರು ಮಾಸ್ತರರು.

ನೀಲವ್ವ ಮಷೀನಿನ ಹಿಂದಿನಿಂದಲೇ ಕೇಳಿದಳು, "ಇವರ ವಾರಿಗೆಯವರು ಮಕ್ಕಳನ್ನ ಸಾಲಿಗಿ ಕಳಸ್ತಾರ್ರಿ. ಇವರನ್ನ ಚಡ್ಡಿ ಹಾಕಿಸಿ ರೇಸಿಗಿ ಕಳಸ್ತೀರ್ಯಾ?"

ಮಾಸ್ತರರು ನಕ್ಕರು. ನಾನು ಒಪ್ಪಿಬಿಟ್ಟೆ. ಯಾಕೆ ಒಪ್ಪಿದೆ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಹತ್ತು ವರ್ಷ ಅದೇ ಸೈಕಲ್ಲು ತುಳಿದಿದ್ದೆ, ಒಬ್ಬರೂ ಅದನ್ನು ಒಂದು ಕಸುವು ಎಂದು ಕರೆದಿರಲಿಲ್ಲ. ಮಾಸ್ತರರು ಕರೆದರು.

ಮೊದಲನೆಯ ಸ್ಪರ್ಧೆ ಕುಂದಗೋಳದಿಂದ ಸಂಶಿಯ ಮೇಲೆ ಗುಡಗೇರಿಗೆ ಹೋಗಿ ತಿರುಗಿ ಬರುವುದು. ನನ್ನ ದಿನದ ದಾರಿಯೇ. ಸಾಲಿನಲ್ಲಿ ನಿಂತಾಗ ಸಂಘದ ಹುಡುಗನೊಬ್ಬ ನನ್ನ ಸೈಕಲ್ಲಿನ ಮೇಲೆ ಕೈಯಿಟ್ಟು, ಇದನ್ನು ಬಿಡಲು ಆಗುವುದಿಲ್ಲ ಎಂದ. ಮಾಸ್ತರರು ಜಗಳಕ್ಕೆ ನಿಂತರು. ಕೊನೆಗೆ ಮುಖ್ಯ ತೀರ್ಪುಗಾರರನ್ನು ಕರೆದರು. ನಿವೃತ್ತ ಓವರ್‌ಸೀಯರ್, ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು. ಕೋಟಿನ ಜೇಬಿನಲ್ಲಿ ಸರಪಳಿಯ ಗಡಿಯಾರ. ಅವರು ನನ್ನ ಸೈಕಲ್ಲನ್ನು ಮೇಲಿನಿಂದ ಕೆಳಗೆ ನೋಡಿದರು.

"ಗಾಲಿ ಎರಡವ. ಬ್ರೇಕ್ ಹಿಡೀತದೇನಪಾ?"

"ಹಿಡೀತಾವ್ರಿ."

"ಮತ್ತೇನು ತಕರಾರು? ನಮ್ಮ ನಿಯಮದಾಗ ಸೈಕಲ್ಲು ಅಂತ ಬರದದ, ಇಂಥಾ ಸೈಕಲ್ಲು ಅಂತ ಬರದಿಲ್ಲ. ನಿಂದರ್ಲಿ."

ಬಿಟ್ಟ ಹತ್ತು ನಿಮಿಷದಲ್ಲಿ ಉಳಿದವರೆಲ್ಲ ಕಣ್ಣಿಗೆ ಕಾಣದಾದರು. ಸಂಶಿಯಲ್ಲಿ ನಮ್ಮೂರವರು ರಸ್ತೆಯ ಎರಡೂ ಬದಿಗೆ ನಿಂತಿದ್ದರು. ನಿಂಗರಾಜನಿಗೆ ಚಪ್ಪಾಳೆ ಹೊಡೆದವರು ನನ್ನನ್ನು ನೋಡಿ, "ಚನ್ನಪ್ಪಾ, ಒಂದ್ ಸೋಡಾ ಕೊಟ್ ಹೋಗಲೇ!" ಎಂದು ಕೂಗಿದರು. ಕ್ಯಾರಿಯರ್ ಇನ್ನೂ ಹಾಗೇ ಇತ್ತು, ಬಿಚ್ಚಿರಲಿಲ್ಲ. ಎಲ್ಲರಿಗಿಂತ ಹಿಂದೆ ಮುಟ್ಟಿದೆ. ಆದರೆ ವೇಳೆ ಮುಗಿಯಲು ಇನ್ನೂ ಹದಿನೈದು ನಿಮಿಷ ಉಳಿದಿತ್ತು. ರಾಯರು ಗಡಿಯಾರ ನೋಡಿ ಹಾಳೆಯಲ್ಲಿ ವೇಳೆ ಬರೆದು, ಅದರ ಮುಂದೆ ನನ್ನ ಸಹಿ ಹಾಕಿಸಿಕೊಂಡರು. ಪ್ರತಿಯೊಬ್ಬರೂ ತಮ್ಮ ವೇಳೆಯ ಮುಂದೆ ಸಹಿ ಮಾಡಬೇಕಿತ್ತು.

ಆಮೇಲಿನ ವಾರಗಳಲ್ಲಿ ಮೂವರೂ ಬೆಳಿಗ್ಗೆ ಕೂಡಿ ತುಳಿಯತೊಡಗಿದೆವು. ಹಿಂಗಾರಿ ಜೋಳ ಎದೆಯ ಮಟ್ಟಕ್ಕೆ ಬಂದಿತ್ತು, ಹತ್ತಿ ಒಡೆದು ಹೊಲಗಳು ಬೆಳ್ಳಗಾಗುತ್ತಿದ್ದವು. ಬಿಸಿಲು ಏರಿದಂತೆ ಮೂಡಣ ಗಾಳಿ ಏಳುತ್ತಿತ್ತು. ನಿಂಗರಾಜನಿಗೆ ನನ್ನ ಜೊತೆ ನಿಧಾನ ಹೋಗುವಷ್ಟು ತಾಳ್ಮೆ ಇರಲಿಲ್ಲ, ಮುಂದೆ ಹೋಗಿಬಿಡುತ್ತಿದ್ದ. ಗೌತಮ ಉಳಿಯುತ್ತಿದ್ದ. ಕಡಿಮೆ ಮಾತಿನವನು. ನನಗಿಂತ ಎಂಟು ವರ್ಷ ಚಿಕ್ಕವನು ನನಗೆ ತುಳಿಯುವುದನ್ನು ಕಲಿಸಿದ. "ಅಣ್ಣಾ, ನೀ ಕಾಲಿನ ಹಿಮ್ಮಡಿಲೆ ತುಳೀತಿ. ಬೆರಳ ಬುಡದಾಗ ಒತ್ತು. ಸೀಟ ಎರಡ ಬಟ್ಟು ಮ್ಯಾಲ ಮಾಡೂಣು." ಹತ್ತು ವರ್ಷದಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ಸೀಟು ಎತ್ತರಿಸಿದ ದಿನದಿಂದ ಮೊಣಕಾಲ ನೋವು ಅರ್ಧ ಕಡಿಮೆಯಾಯಿತು.

ತುಳಿದು ಬಂದ ಮೇಲೆ ನಮ್ಮ ಮನೆಯಲ್ಲಿ ಚಹಾ. ನಿಂಗರಾಜ ಒಳಗೆ ಬಂದು ಕೂರುತ್ತಿದ್ದ. ಗೌತಮ ಹೊರಗಿನ ಕಟ್ಟೆಯ ಮೇಲೇ ಕೂರುತ್ತಿದ್ದ. ನಾನು ಒಳಗೆ ಬಾ ಎನ್ನಲಿಲ್ಲ, ಅವನೂ ಬರಲಿಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ಉಳಿದದ್ದು ಬರೆದೂ ಉಪಯೋಗವಿಲ್ಲ.

ಎರಡನೆಯದು ಹುಬ್ಬಳ್ಳಿಯ ಹೊರವಲಯದಿಂದ ಮಿಶ್ರಿಕೋಟಿಯ ಮೇಲೆ ಕಲಘಟಗಿಗೆ ಹೋಗಿ ಬರುವುದು. ಆ ಕಡೆ ನೆಲವೇ ಬೇರೆ. ನಮ್ಮ ಎರೆಭೂಮಿ ಅಂಗೈಯಂತೆ ಸಪಾಟು, ಅಲ್ಲಿ ರಸ್ತೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಏರಿನಲ್ಲಿ ನನ್ನ ಸೈಕಲ್ಲು ಕಾಲು ಹಿಡಿದು ಹಿಂದಕ್ಕೆ ಎಳೆದಂತಾಗುತ್ತಿತ್ತು. ಎರಡು ಕಡೆ ಇಳಿದು ತಳ್ಳಿದೆ. ಗದ್ದೆಯಲ್ಲಿ ಭತ್ತ ಕೊಯ್ಯುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತು ನೋಡಿದರು. ಹಿಂದಿನ ದಿನ ಅಕಾಲದ ಮಳೆ ಸುರಿದಿತ್ತು, ಅವರಿಗೆ ಕೊಯ್ಲಿನ ಅವಸರ.

ಮಿಶ್ರಿಕೋಟಿ ದಾಟಿದ ಮೇಲೆ ರಸ್ತೆ ದುರಸ್ತಿ ನಡೆದಿತ್ತು. ಎರಡು ಫರ್ಲಾಂಗು ಬರೀ ಜಲ್ಲಿ, ಜಲ್ಲಿಯ ನಡುವೆ ಕೆಸರು. ತೆಳು ಗಾಲಿಯವರ ಪಾಡು ಅಲ್ಲಿ ಕೆಟ್ಟಿತು. ಹಲವರು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆದರು, ಹತ್ತಿ ಹೋದವರು ಪಂಕ್ಚರ್ ಮಾಡಿಕೊಂಡರು. ನಾನು ಇಳಿಯಲೇ ಇಲ್ಲ. ದಿನವೂ ಬಾಟಲಿ ಒಡೆಯದ ಹಾಗೆ ಹಾಳು ರಸ್ತೆ ದಾಟಿಸಿದವನಿಗೆ ಜಲ್ಲಿ ಏನು ದೊಡ್ಡದು? ಹೋಗುವಾಗಲೂ ಬರುವಾಗಲೂ ಅಲ್ಲಿ ಏಳೆಂಟು ಜನರನ್ನು ಹಿಂದೆ ಹಾಕಿದೆ. ಜೀವನದಲ್ಲಿ ಮೊದಲ ಸಲ ರೇಸ್ ಸೈಕಲ್ಲಿನವರನ್ನು ಹಿಂದೆ ಹಾಕಿದ್ದು. ಆ ದಿನದ ಕೊನೆಗೆ ಮೂವರೂ ಉಳಿದ ಟೀಮುಗಳು ಎರಡೇ, ನಮ್ಮದು ಮತ್ತು ಅಣ್ಣಿಗೇರಿಯವರದು.

ಆವತ್ತು ಜನ ನನ್ನ ಬೆನ್ನು ಚಪ್ಪರಿಸಿದರು. ರಾಯರೂ "ಭೇಷ್" ಅಂದರು. ಕುಂದಗೋಳದ ಹೋಟೆಲ್ಲುಗಳಲ್ಲಿ ಸೋಡಾ ಚನ್ನಪ್ಪನ ಮಾತು ನಡೆಯಿತು. ಬಾಟಲಿ ಇಳಿಸಲು ಹೋದಲ್ಲೆಲ್ಲ ಕೂರಿಸಿ ಕೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಹೇಳುತ್ತಾ ಹೇಳುತ್ತಾ ಹಿಂದೆ ಹಾಕಿದವರ ಸಂಖ್ಯೆ ಏಳೆಂಟರಿಂದ ಹದಿನೈದಕ್ಕೆ ಏರಿತು.

ಮೂರನೆಯದು ಸಂಕ್ರಾಂತಿ ಕಳೆದ ಮೇಲಿನ ಭಾನುವಾರ. ನವಲಗುಂದದಿಂದ ಅಣ್ಣಿಗೇರಿ, ಅಲ್ಲಿಂದ ಹುಬ್ಬಳ್ಳಿಯ ಅಂಚು, ಅಲ್ಲಿಂದ ಕುಸುಗಲ್ಲು, ಹೆಬಸೂರು ಹಿಡಿದು ಮತ್ತೆ ನವಲಗುಂದ. ಸುಮಾರು ತೊಂಬತ್ತು ಕಿಲೋಮೀಟರ್, ಐದು ತಾಸಿನ ಗಡುವು. ಹಿಂದಿನ ದಿನ ಮಧ್ಯಾಹ್ನ ನೀಲವ್ವ ನಟ್ಟು ಬಿಚ್ಚುವ ಪಾನಾ ತಂದು ತಾನೇ ಕ್ಯಾರಿಯರ್ ಬಿಚ್ಚತೊಡಗಿದಳು.

"ಸೋಮವಾರ ಮತ್ತ ಹಾಕಬೇಕಲ್ಲಾ," ಅಂದೆ.

"ಹಾಕೂಣಂತ. ಇಷ್ಟ ದೂರ ಬಂದು ಒಂದ ಕಬ್ಬಿಣಾ ಹೊತ್ತು ಸೋಲೂದು ಬ್ಯಾಡ. ಆ ಗುಡಗೇರಿ ಹುಡುಗನ ನೌಕರಿ ಐತಿ ಇದರಾಗ."

ಅವಳು ಹಾಗೆ ಅಂದಿದ್ದಳು. ನನಗೆ ಸ್ಪಷ್ಟ ನೆನಪಿದೆ.

ಬೆಳಿಗ್ಗೆ ಏಳಕ್ಕೆ ಬಿಟ್ಟರು. ಅಣ್ಣಿಗೇರಿಯವರೆಗೆ ಗಾಳಿ ಇನ್ನೂ ಎದ್ದಿರಲಿಲ್ಲ. ರಸ್ತೆಯ ಎರಡೂ ಕಡೆ ಕಡಲೆ ಹೊಲ, ಗಿಡದ ಹುಳಿ ಇಳಿದು ಇಬ್ಬನಿಗೂ ಹುಳಿ ವಾಸನೆ. ಅಣ್ಣಿಗೇರಿಯಲ್ಲಿ ತಿರುಗಿ ಹುಬ್ಬಳ್ಳಿಯ ಕಡೆ ಮುಖ ಮಾಡುವ ಹೊತ್ತಿಗೆ ಮೂಡಣ ಗಾಳಿ ಎದ್ದು ಬೆನ್ನಿಗೆ ಬಿತ್ತು. ಏನು ಹೇಳಲಿ, ಆ ಭಾರದ ಸೈಕಲ್ಲು ತಾನೇ ಉರುಳುತ್ತಿತ್ತು. ಅಣ್ಣಿಗೇರಿ ಟೀಮಿನ ಒಬ್ಬ ದಾರಿಯಲ್ಲಿ ಹೊಟ್ಟೆ ಹಿಡಿದು ಕೂತಿದ್ದ. ಹಿಂದೆ ಬರುತ್ತಿದ್ದ ಸಂಘದ ಜೀಪಿನವರು ಅವನನ್ನು ಹತ್ತಿಸಿಕೊಂಡರು. ಅವರ ಟೀಮು ಹೋಯಿತು, ಇನ್ನು ಉಳಿದದ್ದು ನಾವೇ ಎಂದು ನನಗೆ ಅರ್ಥವಾಯಿತು. ಗೆದ್ದೇಬಿಟ್ಟೆವು ಅನ್ನಿಸಿತು.

ಹುಬ್ಬಳ್ಳಿ ಇನ್ನು ಎಂಟು ಹತ್ತು ಕಿಲೋಮೀಟರ್ ಇರುವಾಗ ರಸ್ತೆಬದಿಯಲ್ಲಿ ಒಂದು ಚಹಾದಂಗಡಿ. ಮುಂದೆ ಹತ್ತಿ ಹೇರಿದ ಚಕ್ಕಡಿಗಳು, ಒಂದಿಷ್ಟು ಜನ. ಒಬ್ಬ ನನ್ನನ್ನು ಗುರುತಿಸಿದ. "ಅರೇ, ಇವನಲೇ ಕಲಘಟಗಿ ರೇಸಿನ್ಯಾಗ ಜಲ್ಲಿ ದಾಟಿದಾಂವ! ಸೋಡಾದವ! ನಿಂದರ್ರಿ, ಚಹಾ ಕುಡದು ಹೋಗ್ರಿ!"

ನಾನು ಬ್ರೇಕ್ ಹಿಡಿದೆ.

ಒಂದು ಗುಟುಕು ಕುಡಿದು ಹೊರಡುವುದೆಂದೇ ಇಳಿದದ್ದು. ಜನ ಸುತ್ತಲೂ ನಿಂತರು. ಸೈಕಲ್ಲು ಎತ್ತಿ ನೋಡಿದರು. "ಯಪ್ಪಾ, ಇದರ ಮ್ಯಾಲ ಅಣ್ಣಿಗೇರಿಂದ ಬಂದ್ರ್ಯಾ?" ಎಂದರು. ನಾನು ಅಂಗಡಿಯ ಬೆಂಚಿನ ಮೇಲೆ ಕೂತೆ. ಜಲ್ಲಿಯ ಕಥೆ ಹೇಳಿದೆ. ಬಿಸಿ ಮಿರ್ಚಿ ಬಂತು, ತಿಂದೆ. ಇನ್ನೊಂದು ಚಹಾ ಬಂತು. ಕೈಯಲ್ಲಿ ಗಡಿಯಾರವಿರಲಿಲ್ಲ. ಚಕ್ಕಡಿಗಳು ಎದ್ದು ಹೊರಟಾಗ ನನಗೂ ಎಚ್ಚರವಾಯಿತು. ಎಷ್ಟು ಹೊತ್ತಾಗಿತ್ತೋ, ಹತ್ತು ನಿಮಿಷಕ್ಕೆ ಕಡಿಮೆಯಂತೂ ಇಲ್ಲ.

ಹುಬ್ಬಳ್ಳಿಯ ಅಂಚಿನಲ್ಲಿ ಸಂಘದವರು ನಂಬರು ಬರೆದುಕೊಳ್ಳುತ್ತಿದ್ದರು. "ಲಗೂ ಹೋಗ್ರಿ, ಹೊತ್ತ ಭಾಳ ಆಗೇದ," ಎಂದರು. ನವಲಗುಂದದ ರಸ್ತೆಗೆ ತಿರುಗಿದ ಕೂಡಲೇ ಬೆನ್ನಿಗಿದ್ದ ಗಾಳಿ ಮುಖಕ್ಕೆ ಬಂತು. ಗೋಡೆಗೆ ತಲೆ ಕೊಟ್ಟ ಹಾಗೆ. ಕಣ್ಣಲ್ಲಿ ದೂಳು, ಬಾಯಲ್ಲಿ ದೂಳು. ಕುಸುಗಲ್ಲು ಮುಟ್ಟುವುದರೊಳಗೆ ತೊಡೆಗಳು ಕಲ್ಲಾದವು.

ಕುಸುಗಲ್ಲಿನಾಚೆ ಬೇವಿನ ಮರದ ಕೆಳಗೆ ಗೌತಮ ಸೈಕಲ್ಲು ಹಿಡಿದು ನಿಂತಿದ್ದ. ಅವನು ಆಗಲೇ ನವಲಗುಂದ ಸಮೀಪಿಸಬೇಕಾಗಿದ್ದವನು.

"ಯಾಕ ನಿಂತೀಯೋ? ಹೋಗು!" ಅಂದೆ.

"ನೀ ಬರೂತನಾ ನಂದೂ ಮುಗಿಯೂದಿಲ್ಲ ಅಣ್ಣಾ. ನನ್ನ ಹಿಂದಿನ ಗಾಲಿಗೆ ಗೇಣ ಬಿಟ್ಟು ಹಿಡಕೊ. ಬಾಜೂಕ ಬರಬ್ಯಾಡ. ನನ್ನ ಬೆನ್ನ ಅಷ್ಟ ನೋಡು."

ಅವನು ಮುಂದೆ, ನಾನು ಹಿಂದೆ. ಗಾಳಿಯನ್ನೆಲ್ಲ ಅವನು ತೆಗೆದುಕೊಂಡ. ತೆಳ್ಳಗಿನ ಮನುಷ್ಯ, ಅವನ ಬೆನ್ನ ಹಿಂದೆ ಎಷ್ಟು ಆಸರೆ ಸಿಕ್ಕೀತು? ಆದರೂ ಸಿಕ್ಕಿತು. ಹೆಬಸೂರಿನವರೆಗೆ, ಹೆಬಸೂರಿನ ಆಚೆ, ಬೆವರಿನಿಂದ ಬೆನ್ನಿಗಂಟಿದ ಅವನ ಅಂಗಿಯನ್ನು ಬಿಟ್ಟು ನಾನು ಬೇರೇನೂ ನೋಡಲಿಲ್ಲ. ನಡುನಡುವೆ ಅವನು ತಿರುಗದೆ "ಅಣ್ಣಾ?" ಅನ್ನುತ್ತಿದ್ದ. ನಾನು "ಹೂಂ" ಅನ್ನುತ್ತಿದ್ದೆ. ಹೂಂ ಅನ್ನುವುದಕ್ಕೂ ಉಸಿರಿಲ್ಲದಾದಾಗ ಗಂಟೆ ಬಾರಿಸಿದೆ. ಇಳಿಯಬೇಕೆನ್ನಿಸಿದಾಗಲೆಲ್ಲ ನನಗೆ ಆ ಚಹಾದಂಗಡಿ ನೆನಪಾಗುತ್ತಿತ್ತು. ಎಂದೂ ಅಷ್ಟು ತುಳಿದಿರಲಿಲ್ಲ, ಆಮೇಲೂ ತುಳಿದಿಲ್ಲ.

ನವಲಗುಂದದಲ್ಲಿ ಹಗ್ಗ ಕಟ್ಟಿದ್ದ ಜಾಗದಲ್ಲಿ ಜನ ಇನ್ನೂ ಕಾದಿದ್ದರು. ಹಗ್ಗ ದಾಟಿ ಬಿದ್ದೆ. ಯಾರೋ ನೀರು ಹಾಕಿದರು. ಎದ್ದು ಕೂತೆ. ರಾಯರು ಕೈಯಲ್ಲಿ ಗಡಿಯಾರ ಹಿಡಿದು ನಿಂತಿದ್ದರು. ಮೂರು ನಿಮಿಷ ತಡವಾಗಿತ್ತು.

ಹನಮಂತಪ್ಪ ಮಾಸ್ತರರು ಕೈ ಮುಗಿದರು. "ಮೂರು ನಿಮಿಷ ಏನ್ರೀ ರಾಯರ? ಬ್ಯಾರೆ ಟೀಮೂ ಉಳದಿಲ್ಲ. ಯಾರದೂ ಕಸಕೊಂಡಂಗ ಆಗೂದಿಲ್ಲ. ಗಡಿಯಾರ ಅಂದ್ರ ಹಿಂದ ಮುಂದ ಇರ್ತೈತ್ರಿ."

ಜನರೂ "ಹೌದ್ರಿ, ಕೊಟ್ಟಬಿಡ್ರಿ! ಅಂಥಾ ಸೈಕಲ್ ಮ್ಯಾಲ ಬಂದಾರ!" ಎಂದರು.

ರಾಯರು ಬಹಳ ಹೊತ್ತು ಹಾಳೆ ನೋಡಿದರು. "ಇಲ್ಲೀತನಕ ಬರೇ ಪೆನ್ನಿನ ಟೊಪ್ಪಿಗಿ ತಗದೀನಿ. ಏನೂ ಬರದಿಲ್ಲ," ಎಂದರು. ಆಮೇಲೆ ಮೆಲ್ಲಗೆ, "ಟೀಮು ಕಳಸೂದಿಲ್ಲ ಅಂದ್ರ ನಮ್ಮ ಸಂಘಕ್ಕೂ ಛಲೋ ಅಲ್ಲ. ನೀವು ಮೂವರೂ ಒಪ್ಪಿ ಸಹಿ ಮಾಡೋದಾದ್ರ, ಐದು ತಾಸಿಗೆ ಒಂದು ನಿಮಿಷ ಕಡಿಮಿ ಬರೀತೀನಿ."

ನಿಂಗರಾಜ ಹೂಂ ಅಂದ. ನಾನು ಆಗಲೇ ಕೈ ಚಾಚಿದ್ದೆ, ಪೆನ್ನಿಗೆ. ಬರೆದುಬಿಡಲಿ, ಚಹಾದಂಗಡಿ ಅಳಿಸಿಹೋಗಲಿ ಎಂಬುದೊಂದೇ ನನ್ನ ಮನಸ್ಸಿನಲ್ಲಿದ್ದದ್ದು.

ಗೌತಮ ಮುಂದೆ ಬಂದ. ತುಟಿ ಒಣಗಿ ಬಿಳಿಯಾಗಿತ್ತು. "ಬ್ಯಾಡ್ರಿ ಸರ್. ಎಷ್ಟ ಆಗೈತಿ ಅಷ್ಟ ಬರೀರಿ."

"ಯಾಕೋ ತಮ್ಮಾ? ಇದರಾಗ ಎಲ್ಲಾರಕಿಂತ ಹೆಚ್ಚು ಗರಜು ನಿನಗದ ಅಂತ ಕೇಳೀನಿ."

"ಗರಜು ಐತ್ರಿ. ಅದಕ್ಕ ಬ್ಯಾಡ ಅಂತೀನಿ. ಇಷ್ಟು ಮಂದಿ ಮುಂದ ಟೈಮ್ ಆಗಿ ಹೋಗೈತ್ರಿ. ನಾಳೆ ನಾ ಎಲ್ಲರೆ ನೌಕರಿಗಿ ನಿಂತ್ರ, ಇವಗ ಸುಮ್ನ ಕೊಟ್ಟಾರ ಅಂತ ಅನ್ನೂ ಮಂದಿ ಇದ್ದೇ ಇರ್ತಾರ. ಸುಮ್ನ ಕೊಟ್ಟಿದ್ದು ಇಲ್ಲದಾಗೂ ಅಂತಾರ. ಖರೇನೇ ಕೊಟ್ಟಿದ್ರ ನಾ ಏನಂತ ಹೇಳ್ಲಿರಿ?"

ರಾಯರು ಐದು ತಾಸು ಮೂರು ನಿಮಿಷ ಎಂದು ಬರೆದರು. ಮೊದಲು ನಾನು ಸಹಿ ಮಾಡಿದೆ, ಆಮೇಲೆ ಗೌತಮ ತನ್ನ ವೇಳೆಯ ಮುಂದೆ ಮಾಡಿದ. ನನಗಾಗಿ ನಿಂತದ್ದರಿಂದ ಅವನದೂ ಅದೇ ವೇಳೆ. ನಿಂಗರಾಜ ಒಂದೂವರೆ ತಾಸಿನ ಮುಂಚೆಯೇ ಬಂದು ಒಬ್ಬೊಬ್ಬರ ಬಹುಮಾನದಲ್ಲಿ ಮೂರನೆಯವನಾಗಿದ್ದ. ಆ ಲೆಕ್ಕದಲ್ಲಿ ರಾಜ್ಯಮಟ್ಟಕ್ಕೆ ಕಳಿಸುವುದು ಮೊದಲ ಇಬ್ಬರನ್ನೇ. "ಒಂದ ಸಹಿ ಮಾಡಿದ್ರ ಮೂರೂ ಮಂದಿ ಹೋಗ್ತಿದ್ವಿ. ನಿನಗ ಬ್ಯಾಡಾದ್ರ ನಮಗೂ ಬ್ಯಾಡೇನಲೇ?" ಎಂದು ಗೌತಮನ ಮೇಲೆ ಏರಿ ಹೋದ. ಮಾಸ್ತರರು ನಡುವೆ ನಿಂತು ಬಿಡಿಸಿದರು.

ಸೈಕಲ್ಲುಗಳನ್ನು ಬಸ್ಸಿನ ಟಾಪಿನ ಮೇಲೆ ಹಾಕಿ ಹುಬ್ಬಳ್ಳಿಗೆ ಹೊರಟೆವು. ತುಳಿದು ಬಂದ ರಸ್ತೆಯೇ ಹಿಂದಕ್ಕೆ ಓಡುತ್ತಿತ್ತು. ಹೆಬಸೂರು ದಾಟಿದ ಮೇಲೆ ಮಾಸ್ತರರು ಕೇಳಿದರು, "ಅಣ್ಣಿಗೇರಿ ದಾಟಿದಾಗ ಅಗದೀ ಛಲೋ ಇತ್ತಲ್ಲಪಾ ಟೈಮು. ಎಲ್ಲಿ ಹೋತು?"

ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವನು ಗೌತಮ. "ಗಾಳಿ ಭಾಳ ಇತ್ರಿ ಸರ್."

ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಒಂದು ವಾರ ಯಾರಿಗೂ ಹೇಳಲಿಲ್ಲ. ಊರವರು ಗಾಳಿಯನ್ನು ಬೈದರು, ರಾಯರನ್ನು ಬೈದರು, ಕೆಲವರು ಗೌತಮನನ್ನೂ ಬೈದರು. ಸೊಕ್ಕು ಎಂದರು. ಅದನ್ನೂ ಕೇಳಿಕೊಂಡು ಬಾಟಲಿ ಇಳಿಸಿ ಬಂದೆ. ಶನಿವಾರ ಮಧ್ಯಾಹ್ನ ಊಟಕ್ಕೆ ಕೂತವನು ತಾಟು ಪಕ್ಕಕ್ಕೆ ಸರಿಸಿದೆ. ನೀಲವ್ವನಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನನಗ್ಯಾಕ ಹೇಳ್ತೀರಿ? ನಾ ಏನ ಸೈಕಲ್ ತುಳದೇನಿ? ಯಾರಿಗೆ ಹೇಳಬೇಕೋ ಅಂವಗ ಹೇಳ್ರಿ."

ಮರುದಿನ ಗುಡಗೇರಿಗೆ ಖಾಲಿ ಸೈಕಲ್ಲಿನ ಮೇಲೆ ಹೋದೆ. ಸ್ಟೇಷನ್ನಿನ ಆಚೆ ಅವರ ಮನೆ. ಎಷ್ಟೋ ಸಲ ಆ ದಾರಿಯಲ್ಲಿ ಬಾಟಲಿ ಹೊತ್ತು ಹೋಗಿದ್ದೆ, ಆ ಮನೆಯ ಮುಂದೆ ನಿಂತಿರಲಿಲ್ಲ. ಗೌತಮ ಅಂಗಳದಲ್ಲಿ ಚೈನಿಗೆ ಎಣ್ಣೆ ಬಿಡುತ್ತಿದ್ದ. ಅವನ ತಾಯಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದವರು ಎದ್ದು, "ಒಳಗ ಬರ್ರಿ ಅಣ್ಣಾರ, ಬಿಸಲಾಗ ಬಂದೀರಿ," ಎಂದರು. ಒಳಗೆ ಚಾಪೆ ಹಾಸಿದರು. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ರೈಲ್ವೆಯ ಕ್ಯಾಲೆಂಡರು. ನನ್ನ ಮನೆಯ ಕಟ್ಟೆ ಕಣ್ಣಿಗೆ ಕಟ್ಟಿತು. ಕೂತೆ.

"ಗೌತಮಾ, ಅವತ್ತು ಗಾಳಿ ಅಲ್ಲೋ," ಅಂದೆ. "ನಾ ಚಹಾಕ್ಕ ಇಳದಿದ್ದೆ. ಮಂದಿ ಹೊಗಳಿದ್ರು, ಕುಂತಬಿಟ್ಟೆ. ಹತ್ತ ನಿಮಿಷದ ಮ್ಯಾಲ ಆತು."

ನನ್ನ ಹಿಂದೆಯೇ ಒಳಗೆ ಬಂದಿದ್ದ ಅವನು ಎಣ್ಣೆಯ ಕೈ ಒರೆಸಿಕೊಂಡ. "ಗೊತ್ತೈತಿ."

"ಹ್ಯಾಂಗ?"

"ಕುಸುಗಲ್ಲಿನ್ಯಾಗ ಜೀಪಿನವರು ಹೇಳಿದ್ರು. ನಿಮ್ಮ ಸೋಡಾದವರು ಚಹಾದಂಗಡ್ಯಾಗ ಭಾಷಣಾ ಮಾಡಾಕತ್ತಾರ ಅಂದ್ರು. ಅದಕ್ಕ ನಿಂತೆ."

"ಮತ್ತ ಆವಾಗ ಯಾಕ ಬೈಲಿಲ್ಲ?"

"ಬೈದಿದ್ರ ನಿನ್ನ ಕಾಲ ಅಲ್ಲೇ ಸೋಲ್ತಿದ್ವು ಅಣ್ಣಾ. ಇನ್ನೂ ಇಪ್ಪತ್ತೈದ ಕಿಲೋಮೀಟರ್ ಇತ್ತು."

ಅವನೇ ಮತ್ತೆ ಅಂದ, "ಸಿಟ್ಟ ಬಂದಿಲ್ಲ ಅಂತ ತಿಳಕೋಬ್ಯಾಡ. ಬಂದಿತ್ತು. ಎರಡ ದಿನ ಊಟ ಮಾಡಿಲ್ಲ ನಾ. ನೀ ಬಂದು ಹೇಳಲಿಲ್ಲ ಅಂದಿದ್ರ ಇನ್ನೂ ಇರ್ತಿತ್ತು."

ಅಷ್ಟರಲ್ಲಿ ಅವನ ತಾಯಿ ಎರಡು ತಾಟಿನಲ್ಲಿ ರೊಟ್ಟಿ, ಹಸಿ ಉಳ್ಳಾಗಡ್ಡಿ, ಝುಣಕ ತಂದಿಟ್ಟರು. ಊಟ ಮಾಡಿದೆವು. ಅಲ್ಲಿಂದ ನೇರ ಮಾಸ್ತರರ ಮನೆಗೆ ಹೋಗಿ ಅವರಿಗೂ ಹೇಳಿದೆ, ನಿಂಗರಾಜನಿಗೂ ಹೇಳಿದೆ. ನಿಂಗರಾಜ ಎರಡು ಬೇಸಿಗೆ ನನ್ನ ಅಂಗಡಿಯ ಸೋಡಾ ಕುಡಿಯಲಿಲ್ಲ. ಮುಂದಿನ ವಾರ ಗೌತಮ ಸಂಶಿಗೆ ಬಂದಾಗ ನೀಲವ್ವ ಬಾಗಿಲಲ್ಲಿ ನಿಂತು, "ಒಳಗ ಬಾ ತಮ್ಮಾ," ಎಂದಳು. ಅವನು ಒಮ್ಮೆ ನನ್ನ ಮುಖ ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದ. ಓಣಿಯಲ್ಲಿ ನಾಲ್ಕು ದಿನ ಮಾತಾಯಿತು, ಆಮೇಲೆ ನಿಂತಿತು.

ಮರುವರ್ಷ ಸಂಘದವರು ಮತ್ತೆ ಸ್ಪರ್ಧೆ ಇಟ್ಟರು. ಟೀಮಿನ ನಿಯಮ ತೆಗೆದುಹಾಕಿದ್ದರು, ಮೊದಲ ಇಬ್ಬರನ್ನು ರಾಜ್ಯಮಟ್ಟಕ್ಕೆ ಕಳಿಸುವುದಷ್ಟೇ ಉಳಿದಿತ್ತು. ಗೌತಮ ಒಬ್ಬನೇ ಹೆಸರು ಕೊಟ್ಟ. ಕೊನೆಯ ಸ್ಪರ್ಧೆಯ ದಿನ ನಾನು ಹೆಬಸೂರಿನ ಹತ್ತಿರ ರಸ್ತೆಯ ಬದಿಗೆ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಗಾಳಿ ಆ ವರ್ಷವೂ ಹಾಗೇ ಇತ್ತು. ಮೊದಲು ಹುಬ್ಬಳ್ಳಿಯ ಒಬ್ಬ ಹೋದ. ಅವನ ಹಿಂದೆ ನೂರು ಮಾರು ಅಂತರದಲ್ಲಿ ಗೌತಮ ಬಂದ, ಹ್ಯಾಂಡಲ್ಲಿನ ಮೇಲೆ ಪೂರ್ತಿ ಬಾಗಿ. "ಗೌತಮಾ!" ಎಂದು ಕೂಗಿ ಕೈ ಚಾಚಿದೆ.

ಅವನು ನಿಲ್ಲಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಬಾಟಲಿಯನ್ನು ಮಾತ್ರ ನನ್ನ ಕೈಯಿಂದ ಸೆಳೆದುಕೊಂಡು ಹೊರಟುಹೋದ.